ಕೊಳೆ ತೋರಿಸುವ ಗುಂಡಿ

ಮೊನ್ನೆ ಟಿ.ವಿ. ಚರ್ಚೆಯೊಂದರಲ್ಲಿ ‘ಪಲಾಯನವಾದ’ ಎಂಬ ಪದ ಹದಿನಾಲ್ಕು ಸಲ ಬಂತು. ಎಣಿಸಿದ್ದೇನೆ, ಏಕೆಂದರೆ ಆ ಚರ್ಚೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವಂಥದ್ದು ಬೇರೇನೂ ಇರಲಿಲ್ಲ. ವಿಡಿಯೊ ಗೇಮ್ ಆಡುವವರು ಬದುಕಿನಿಂದ ಓಡಿಹೋಗುತ್ತಿದ್ದಾರೆ, ಕಹಿ ಸತ್ಯವನ್ನು ಎದುರಿಸುವ ಎದೆಗಾರಿಕೆ ಅವರಿಗಿಲ್ಲ ಎಂದು ನಾಲ್ವರು ತಜ್ಞರು ಒಮ್ಮತಕ್ಕೆ ಬಂದರು. ನಾಲ್ವರಲ್ಲಿ ಇಬ್ಬರು ಮೇಜಿನ ಕೆಳಗೆ ಮೊಬೈಲ್ ಉಜ್ಜುತ್ತಿದ್ದರು. ನಡುವೆ ಬಂದ ಜಾಹೀರಾತಿನಲ್ಲಿ ಮುಖಕ್ಕೆ ಹಚ್ಚುವ ಕ್ರೀಮೊಂದು ವಯಸ್ಸನ್ನೇ ಹಿಂದಕ್ಕೆ ಓಡಿಸುತ್ತಿತ್ತು. ಅದಕ್ಕೆ ಪಲಾಯನ ಎನ್ನುವುದಿಲ್ಲ, ಪ್ರಾಯೋಜಕತ್ವ ಎನ್ನುತ್ತಾರೆ.

ಈ ವಿಷಯದಲ್ಲಿ ದೊಡ್ಡವರ ಗೊಂದಲ ಹೊಸದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರ ಮೇ ತಿಂಗಳಲ್ಲಿ ಗೇಮಿಂಗ್ ಗೀಳನ್ನು ರೋಗಗಳ ಅಂತರರಾಷ್ಟ್ರೀಯ ಪಟ್ಟಿಗೆ ಅಧಿಕೃತವಾಗಿ ಸೇರಿಸಿತು. ಹತ್ತು ತಿಂಗಳಲ್ಲಿ ಕೊರೊನಾ ಬಂತು, ಜಗತ್ತು ಕದ ಹಾಕಿಕೊಂಡಿತು. 2020ರ ಮಾರ್ಚ್‌ನಲ್ಲಿ ಅದೇ ಸಂಸ್ಥೆ ಗೇಮ್ ಕಂಪನಿಗಳ ಅಭಿಯಾನವೊಂದರ ಬೆನ್ನು ತಟ್ಟಿತು: ಮನೆಯಲ್ಲೇ ಇರಿ, ದೂರ ದೂರ ಕುಳಿತು ಒಟ್ಟಿಗೆ ಆಡಿ. ಒಂದು ರೋಗಕ್ಕೆ ಇನ್ನೊಂದು ರೋಗವನ್ನು ಔಷಧಿಯಾಗಿ ಬರೆದುಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಗೀಳು ಬೇರೆ, ಆಟ ಬೇರೆ, ಬದುಕಿನ ಉಳಿದೆಲ್ಲವನ್ನೂ ಆಟ ನುಂಗಿಹಾಕಿದಾಗ ಮಾತ್ರ ಅದು ರೋಗ ಎಂದು ತಿಳಿದವರು ಹೇಳುತ್ತಾರೆ. ಒಪ್ಪಿದೆ. ಆದರೆ ಟಿ.ವಿ.ಯಲ್ಲಿ ಕುಳಿತವರಿಗೆ ಆ ಪಟ್ಟಿಯ ಹೆಸರು ಮಾತ್ರ ನೆನಪಿದೆ, ಷರತ್ತುಗಳಲ್ಲ.

ಓಡಿಹೋಗುತ್ತಿದ್ದೇವೆ, ಸರಿ. ಎಲ್ಲಿಗೆ?

ಇಡೀ ಜಗತ್ತು ಮನೆಯೊಳಗೆ ಸೇರಿಕೊಂಡ ಅದೇ ಮಾರ್ಚ್‌ನ 20ರಂದು ‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ ಎಂಬ ಗೇಮ್ ಬಿಡುಗಡೆಯಾಯಿತು. ನಿರ್ಜನ ದ್ವೀಪ, ತೆಂಗಿನ ಮರ, ಸಮುದ್ರದ ಸದ್ದು. ಎಲ್ಲವನ್ನೂ ಬಿಟ್ಟು ಹೋಗುವುದಾದರೆ ಇಂಥ ಕಡೆಗೇ ಹೋಗಬೇಕು. ಹೋಗಿ ಇಳಿದವನಿಗೆ ಅಲ್ಲಿ ಮೊದಲು ಸಿಗುವುದೇನು? ಟಾಮ್ ನೂಕ್ ಎಂಬ ವ್ಯಾಪಾರಿ ಪ್ರಾಣಿ ನಗುನಗುತ್ತಾ ಕೈಗಿಡುವ ಪ್ರಯಾಣದ ಬಿಲ್ಲು. ಅದನ್ನು ತೀರಿಸಿದರೆ ಮನೆ ಕಟ್ಟಲು 98,000 ಬೆಲ್‌ಗಳ (ಅಲ್ಲಿಯ ನಾಣ್ಯ) ಸಾಲ. ಜನ ಬದುಕಿನಿಂದ ತಪ್ಪಿಸಿಕೊಂಡು ಗೃಹಸಾಲದ ಬಾಗಿಲಿಗೆ ಬಂದು ನಿಂತರು, ಅದೂ ಕೋಟಿಗಟ್ಟಲೆ ಸಂಖ್ಯೆಯಲ್ಲಿ. ಒಂದೇ ವ್ಯತ್ಯಾಸವೆಂದರೆ ಆ ಸಾಲಕ್ಕೆ ಬಡ್ಡಿಯಿಲ್ಲ, ಗಡುವೂ ಇಲ್ಲ. ಕುದುರೆಗೆ ರೆಕ್ಕೆ ಮೂಡಿದರೆ ನಂಬಬಹುದು. ಇಂಥ ಸಾಲವನ್ನು ಕಲ್ಪಿಸಿಕೊಂಡವನು ಮಾತ್ರ ನಿಜವಾದ ಮಹಾಕವಿ.

‘ಯೂರೋ ಟ್ರಕ್ ಸಿಮ್ಯುಲೇಟರ್ 2’ ಬಂದದ್ದು 2012ರಲ್ಲಿ. ಇಂದಿಗೂ ಜನ ರಾತ್ರಿ ಕುಳಿತು ಹೊರೆ ಲಾರಿ ಓಡಿಸುತ್ತಾರೆ, ಕೆಂಪು ದೀಪ ದಾಟಿದರೆ ದಂಡ ಕಟ್ಟುತ್ತಾರೆ, ಚಾಲಕನಿಗೆ ಆಯಾಸವಾದರೆ ಲಾರಿ ನಿಲ್ಲಿಸಿ ಮಲಗಿಸುತ್ತಾರೆ. ಚಾಲಕನನ್ನು ಮಲಗಿಸಿ ತಾವು ಎಚ್ಚರವಾಗಿರುತ್ತಾರೆ.

ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ನಾನು ಆಡುವುದು ‘ಪವರ್‌ವಾಶ್ ಸಿಮ್ಯುಲೇಟರ್’. ಅದರಲ್ಲಿ ಶತ್ರುವಿಲ್ಲ, ಯುದ್ಧವಿಲ್ಲ. ರಭಸವಾಗಿ ನೀರು ಚಿಮ್ಮಿಸುವ ಒಂದು ಕೊಳವೆ, ಎದುರಿಗೆ ಕೊಳಕಾದ ಒಂದು ವಾಹನವೋ ಅಂಗಳವೋ. ತೊಳೆಯುವುದು, ಅಷ್ಟೇ. ನೀರು ತಾಗಿದ ಕಡೆ ಕಪ್ಪು ಪದರ ಪಟ್ಟಿಪಟ್ಟಿಯಾಗಿ ಏಳುತ್ತದೆ, ಕೆಳಗಿನ ಬಣ್ಣ ಹೊಳೆಯುತ್ತದೆ, ಒಂದೊಂದು ಭಾಗ ಪೂರ್ತಿಯಾದಾಗಲೂ ಮಿಂಚಿ ‘ಟಿಣ್’ ಎನ್ನುತ್ತದೆ. ಕಳೆದ ಭಾನುವಾರ ರಾತ್ರಿ ಹನ್ನೊಂದೂವರೆಗೆ ನಾನು ಒಂದು ಕಟ್ಟಡದ ಮೆಟ್ಟಿಲಿನ ಅಡಿಭಾಗದಲ್ಲಿ ಉಳಿದ ಹೆಬ್ಬೆರಳಗಲದ ಕೊಳೆಗಾಗಿ ಇಪ್ಪತ್ತು ನಿಮಿಷ ಹುಡುಕಿದೆ. ಶೇಕಡ 99ಕ್ಕೆ ಬಂದು ನಿಂತಿತ್ತು, ಬಿಟ್ಟು ಏಳಲು ಮನಸ್ಸೊಪ್ಪಲಿಲ್ಲ. ನನ್ನ ಬೆನ್ನ ಹಿಂದೆ ಎಂಟು ಅಡಿ ದೂರದಲ್ಲಿ ಎರಡು ದಿನದ ಪಾತ್ರೆಗಳು ಸಿಂಕಿನಲ್ಲಿ ಬಿದ್ದಿದ್ದವು. ಮೇಲಿದ್ದ ಬಾಣಲೆಯಲ್ಲಿ ನೀರು ನಿಂತು ಎಣ್ಣೆಯ ಕಣ್ಣುಗಳು ತೇಲುತ್ತಿದ್ದವು. ಅವುಗಳನ್ನು ತೊಳೆದರೆ ಯಾರೂ ‘ಟಿಣ್’ ಎನ್ನುವುದಿಲ್ಲ. ನಾಳೆ ಮತ್ತೆ ಅವೇ ಪಾತ್ರೆ.

ಕೆಲಸಗಳ್ಳತನವಾಗಿದ್ದರೆ ನಾನು ಸುಮ್ಮನೆ ಮಲಗುತ್ತಿದ್ದೆ. ಎಲ್ಲರೂ ಹೊಟ್ಟೆಪಾಡಿಗೆ ಹಗಲೆಲ್ಲ ದುಡಿದು, ರಾತ್ರಿ ಯಾರೂ ಕೇಳದ ಕೆಲಸವನ್ನು ಹಣ ಕೊಟ್ಟು ಕೊಂಡು ಮಾಡುತ್ತಾರೆ. ಕೆಲಸ ಮುಗಿಯಿತು ಎಂದು ಯಾರಾದರೂ ಹೇಳುವುದನ್ನು ಒಂದೇ ಒಂದು ಸಲ ಕೇಳುವ ಆಸೆ. ಹಗಲಿನ ಕೆಲಸದಲ್ಲಿ ಮುಗಿಯುವುದು ತಿಂಗಳು ಮಾತ್ರ.

ಆ ಆಟದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇನ್ನೊಂದು. ಒಂದು ಗುಂಡಿ ಒತ್ತಿದರೆ ಉಳಿದಿರುವ ಕೊಳೆಯೆಲ್ಲ ಒಂದು ಕ್ಷಣ ಹೊಳೆದು ಕಾಣುತ್ತದೆ. ನೆನಪಿಡಿ, ಒತ್ತುವವರು ನಾವೇ. ನಾವು ತೊಳೆದಾಯಿತು ಎಂದುಕೊಂಡಿದ್ದ ಮೂಲೆಯೇ ಮೊದಲು ಹೊಳೆಯುತ್ತದೆ. ಇಂಥ ಗುಂಡಿಯೊಂದನ್ನು ಆಡಳಿತ ಕಚೇರಿಯ ಮೇಜಿನ ಮೇಲೆ ಇಟ್ಟರೆ ಏನಾಗಬಹುದು ಎಂದು ಯೋಚಿಸಿದೆ. ಮೊದಲ ದಿನ ಗುಂಡಿಯ ಮೇಲೆ ಫೈಲ್ ಇಡುತ್ತಾರೆ. ಎರಡನೆಯ ದಿನ ಗುಂಡಿಯ ಕಾರ್ಯಕ್ಷಮತೆ ಪರಿಶೀಲಿಸಲು ಸಮಿತಿ. ಕೊಳೆಯ ವ್ಯಾಖ್ಯೆಯೇ ಅಸ್ಪಷ್ಟವಾಗಿದೆ ಎಂದು ಸಮಿತಿ ವರದಿ ಕೊಡುತ್ತದೆ, ಆ ವರದಿಯನ್ನೂ ಗುಂಡಿಯ ಮೇಲೆಯೇ ಇಡುತ್ತಾರೆ.

ಅವರಿಗೆ ಹೊಂದುವ ಆಟ ಬೇರೆಯೇ ಇದೆ. ‘ಗ್ರೌಂಡೆಡ್’ ಎಂಬ ಗೇಮ್‌ನಲ್ಲಿ ನೀವು ಇರುವೆಯಷ್ಟು ಗಾತ್ರಕ್ಕೆ ಇಳಿದಿರುತ್ತೀರಿ, ಜೇಡಗಳು ಆನೆಯಷ್ಟಿರುತ್ತವೆ. ಜೇಡ ಕಂಡರೆ ಜೀವ ಹೋಗುವಂತೆ ಹೆದರುವವರಿಗಾಗಿ ಒಂದು ಸೌಲಭ್ಯವಿಟ್ಟಿದ್ದಾರೆ. ಹಂತ ಹಂತವಾಗಿ ಸರಿಸುತ್ತಾ ಹೋದರೆ ಜೇಡದ ಕಾಲುಗಳು ಕಡಿಮೆಯಾಗುತ್ತವೆ, ರೂಪ ಸವೆಯುತ್ತದೆ, ಕೊನೆಯ ಹಂತದಲ್ಲಿ ಗಾಳಿಯಲ್ಲಿ ತೇಲುವ ಒಂದು ಉಂಡೆ ಮಾತ್ರ ಉಳಿಯುತ್ತದೆ. ಆ ಭಯವಿರುವವರಿಗೆ ಇದೊಂದು ದಯೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇದೇ ತಂತ್ರವನ್ನು ಪತ್ರಿಕಾ ಪ್ರಕಟಣೆ ಬರೆಯುವವರು ಅದಕ್ಕಿಂತ ಬಹಳ ಮುಂಚೆ ಕಂಡುಹಿಡಿದಿದ್ದರು. ಕೆಲಸದಿಂದ ತೆಗೆದುಹಾಕುವುದರ ಎರಡು ಕಾಲು ಕಿತ್ತರೆ ‘ಸಿಬ್ಬಂದಿ ಕಡಿತ’. ಇನ್ನೆರಡು ಕಿತ್ತರೆ ‘ಪುನರ್ರಚನೆ’. ಉಳಿದವನ್ನೂ ಕಿತ್ತರೆ ‘ಭವಿಷ್ಯದತ್ತ ಹೊಸ ಹೆಜ್ಜೆ’. ಉಂಡೆ ತೇಲುತ್ತಾ ಬಂದು ಕಚ್ಚುತ್ತದೆ. ಗಮನಿಸಿ, ಗೇಮ್‌ನಲ್ಲಿಯೂ ಅದು ಉಂಡೆಯಾದ ಮಾತ್ರಕ್ಕೆ ಕಚ್ಚುವುದನ್ನು ಬಿಡುವುದಿಲ್ಲ.

ವಿಷಯ ಎಲ್ಲಿಗೋ ಹೋಯಿತು. ಹೋಗಲಿ, ಹೋದ ದಾರಿಯಲ್ಲೇ ಇರುವ ರೆಸೆಟ್ಟಿಯವರ ಬಗ್ಗೆ ಹೇಳಿಬಿಡುತ್ತೇನೆ, ಬಹಳ ದಿನದಿಂದ ಮನಸ್ಸಿನಲ್ಲಿದೆ.

ಅನಿಮಲ್ ಕ್ರಾಸಿಂಗ್ ಸರಣಿಯ ಹಳೆಯ ಗೇಮ್‌ಗಳಲ್ಲಿ ಆಟವನ್ನು ಸೇವ್ ಮಾಡದೆ ಯಂತ್ರ ಆರಿಸುವುದು ಎಲ್ಲರೂ ಮಾಡುತ್ತಿದ್ದ ಕಳ್ಳಾಟ. ವ್ಯಾಪಾರದಲ್ಲಿ ನಷ್ಟವಾಯಿತೆ, ಆರಿಸು. ಕೈಗೆ ಬಂದ ಮೀನು ತಪ್ಪಿತೆ, ಆರಿಸು. ಆದದ್ದು ಆಗಲೇ ಇಲ್ಲ. ಆದರೆ ಮರುದಿನ ಗೇಮ್ ತೆರೆದು ಮನೆಯಿಂದ ಹೊರಗೆ ಕಾಲಿಟ್ಟರೆ ನೆಲ ಒಡೆದು, ತಲೆಗೆ ಹೆಲ್ಮೆಟ್ ಹಾಕಿಕೊಂಡ, ಹೆಗ್ಗಣದ ದೂರದ ನೆಂಟನಂತಿರುವ ಮೋಲ್ ಒಂದು ಎದ್ದು ಬರುತ್ತಿತ್ತು. ಅವರೇ ರೆಸೆಟ್ಟಿ. ನಿನ್ನೆ ಏನು ಮಾಡಿದೆ ಎಂದು ನನಗೆ ಗೊತ್ತು ಎಂಬ ಧಾಟಿಯಲ್ಲಿ ಶುರುವಾದರೆ ನಿಲ್ಲುತ್ತಿರಲಿಲ್ಲ. ಪುಟಗಟ್ಟಲೆ ಬೈಗುಳ, ಮಧ್ಯೆ ತಪ್ಪಿಸಿಕೊಳ್ಳುವಂತಿಲ್ಲ. ಮತ್ತೆ ಮತ್ತೆ ಮಾಡಿದರೆ ಕ್ಷಮಾಪಣೆಯನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿಸುತ್ತಿದ್ದರು. ಒಮ್ಮೊಮ್ಮೆ ಎಲ್ಲವನ್ನೂ ಅಳಿಸಿಬಿಡುತ್ತೇನೆ ಎಂದು ಹೆದರಿಸಿ, ಪರದೆಯನ್ನು ಕಪ್ಪು ಮಾಡಿ, ಆಮೇಲೆ ತಮಾಷೆ ಎನ್ನುತ್ತಿದ್ದರು. ಮಾಡಿದ್ದನ್ನು ಮಾಡಿಲ್ಲವೆಂದು ನಟಿಸಬೇಡ: ಅವರ ಭಾಷಣದ ತಿರುಳು ಇಷ್ಟೇ. ಯಾವ ಹುದ್ದೆಯಲ್ಲಿಯೂ ಇಂಥ ಪ್ರಾಮಾಣಿಕ ಅಧಿಕಾರಿಯನ್ನು ನಾನು ಕಂಡಿಲ್ಲ.

ಪ್ರಾಮಾಣಿಕರಿಗೆ ಆಗುವುದೇ ಅವರಿಗೂ ಆಯಿತು. ಎಳೆಯ ಮಕ್ಕಳು ಹೆದರಿ ಅಳುತ್ತಿದ್ದರಂತೆ. ಅದೇ ಸರಣಿಯ 2012ರ ‘ನ್ಯೂ ಲೀಫ್’ನಲ್ಲಿ ಅವರ ಕಚೇರಿಯನ್ನು ಐಚ್ಛಿಕ ಮಾಡಿದರು. ಬೇಕಾದವರು ಕಟ್ಟಿಸಿಕೊಳ್ಳಬಹುದು, ಬೈಸಿಕೊಳ್ಳಬಹುದು. 2020ರ ಹೊತ್ತಿಗೆ ಆಟ ತಾನಾಗಿಯೇ ಸೇವ್ ಆಗುವ ಆಟೋಸೇವ್ ಬಂತು, ಹುದ್ದೆಯೇ ಹೋಯಿತು. ದ್ವೀಪದಲ್ಲಿ ಸಿಕ್ಕಿಹಾಕಿಕೊಂಡವರನ್ನು ಪಾರು ಮಾಡುವ ಸಹಾಯವಾಣಿಯಲ್ಲಿ ಅವರು ಕೆಲಸಕ್ಕೆ ಸೇರಿದರು. ನಾವು ಕರೆ ಮಾಡಿದರೆ ಸೌಜನ್ಯದಿಂದ ಮಾತನಾಡುತ್ತಿದ್ದರು. ಆಗ ಮುಖ ಕಾಣಿಸುತ್ತಿರಲಿಲ್ಲ, ಧ್ವನಿ ಮಾತ್ರ. ಮೊದಲ ಸಲ ಆ ಧ್ವನಿ ಕೇಳಿದಾಗ, ಮುಲಾಜಿಲ್ಲದೆ ಕಿವಿ ಹಿಂಡುತ್ತಿದ್ದ ಹಳೆಯ ಮೇಷ್ಟರು ಯಾವುದೋ ಕಂಪನಿಯ ಗ್ರಾಹಕ ಸೇವೆಯಲ್ಲಿ ಸಿಕ್ಕಷ್ಟು ಸಂಕಟವಾಯಿತು.

ಇಷ್ಟು ಹೇಳಿದ ಮೇಲೆ ಆಟಗಾರರನ್ನು ಸತ್ಯಹರಿಶ್ಚಂದ್ರನ ವಂಶಸ್ಥರೆಂದು ಹೊಗಳಿ ಮುಗಿಸಬಹುದಿತ್ತು. ಅವರು ಅದಕ್ಕೂ ಆಸ್ಪದ ಕೊಡುವುದಿಲ್ಲ. ‘ಮಾಸ್ ಎಫೆಕ್ಟ್ 3’ ಎಂಬ ಬಾಹ್ಯಾಕಾಶ ಸಾಹಸದ ಗೇಮ್‌ನ ಕಥೆ ನೋಡಿ. 2012ರ ಮಾರ್ಚ್‌ನಲ್ಲಿ ಬಂತು. ಮೂರು ಗೇಮ್‌ಗಳುದ್ದಕ್ಕೂ ನಿಮ್ಮ ನಿರ್ಧಾರವೇ ಜಗತ್ತಿನ ಗತಿಯನ್ನು ಬದಲಿಸುತ್ತದೆ ಎಂದು ಹೇಳಿದ್ದ ಕಂಪನಿ ಕೊನೆಯಲ್ಲಿ ಕೊಟ್ಟದ್ದು ಕೆಂಪು, ನೀಲಿ, ಹಸಿರು ಎಂಬ ಮೂರು ಬಣ್ಣ, ಹೆಚ್ಚುಕಡಿಮೆ ಒಂದೇ ದೃಶ್ಯ. ಅಭಿಮಾನಿಗಳು ರೊಚ್ಚಿಗೆದ್ದರು. ಒಬ್ಬ ಆಟಗಾರ ಅಮೆರಿಕದ ಗ್ರಾಹಕ ರಕ್ಷಣೆಯ ಆಯೋಗಕ್ಕೇ ದೂರು ಕೊಟ್ಟ. ಉಳಿದವರು ಹಣ ಕೂಡಿಸಿ ಕಂಪನಿಗೆ ಸುಮಾರು 400 ಕಪ್‌ಕೇಕ್ ಕಳುಹಿಸಿದರು: ಮೇಲೆ ಮೂರು ಬಣ್ಣ, ಒಳಗೆ ಎಲ್ಲದಕ್ಕೂ ಒಂದೇ ರುಚಿ. ವಿಡಂಬನೆ ಬರೆದು ಬದುಕುವ ನಾನು ಆ ಕಪ್‌ಕೇಕ್ ಮುಂದೆ ಕೈಮುಗಿಯುತ್ತೇನೆ. ನಾಲ್ಕು ತಿಂಗಳೊಳಗೆ ಕಂಪನಿ ಕೊನೆಯನ್ನು ವಿಸ್ತರಿಸಿ ಉಚಿತವಾಗಿ ಹಂಚಿತು.

2020ರ ‘ದಿ ಲಾಸ್ಟ್ ಆಫ್ ಅಸ್ ಭಾಗ 2’ರಲ್ಲಿ ಈ ಚಂದವಿರಲಿಲ್ಲ. ಎಲ್ಲರ ಪ್ರೀತಿಯ ನಾಯಕನನ್ನು ಆರಂಭದಲ್ಲೇ ಸಾಯಿಸಿ, ಆಮೇಲೆ ಸಾಯಿಸಿದವಳ ಪಾತ್ರದಲ್ಲಿ ನಮ್ಮನ್ನೇ ಗಂಟೆಗಟ್ಟಲೆ ನಡೆಸುತ್ತದೆ ಆ ಗೇಮ್. ಅವಳಿಗೂ ಒಬ್ಬ ಅಪ್ಪನಿದ್ದ, ಅವನನ್ನು ಕೊಂದವನು ನಿಮ್ಮ ನಾಯಕನೇ ಎಂಬುದು ಅಲ್ಲಿಯ ಕಹಿ ಸತ್ಯ. ಆಡಿ ಮುಗಿಸಲು ಇಪ್ಪತ್ತು ಗಂಟೆಗೂ ಹೆಚ್ಚು ಬೇಕು. ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಸಾವಿರಾರು ಜನ ಸೊನ್ನೆ ಅಂಕ ಕೊಟ್ಟು ತೀರ್ಪು ಬರೆದಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ಕುಣಿಯುವುದಿರಲಿ, ನೆಲವನ್ನೇ ತುಳಿದಿರಲಿಲ್ಲ. ಆ ಹೆಣ್ಣು ಪಾತ್ರಕ್ಕೆ ಧ್ವನಿಯಾದ ನಟಿ ಲಾರಾ ಬೇಲಿಗೆ ಕೊಲೆ ಬೆದರಿಕೆಗಳು ಬಂದವು. ಧ್ವನಿ ಕೊಟ್ಟದ್ದಕ್ಕೆ.

ನನಗೆ ಅರ್ಥವಾಗದೆ ಉಳಿದಿದ್ದದ್ದು ಇದು: ಇದೇ ಜನ ‘ಡಾರ್ಕ್ ಸೋಲ್ಸ್’ ಆಡುತ್ತಾರೆ. ಅದರಲ್ಲಿ ಪ್ರತಿ ಸಲ ಸೋತಾಗಲೂ ‘ನೀನು ಸತ್ತೆ’ ಎಂದು ಕೆಂಪಕ್ಷರದಲ್ಲಿ ಪರದೆಯಗಲ ಬರೆದು ತೋರಿಸುತ್ತಾರೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಅವಕಾಶವೇ ಇಲ್ಲ. ಅದೇ ತಯಾರಕರ ‘ಎಲ್ಡನ್ ರಿಂಗ್’ 2022ರಲ್ಲಿ ಬಂದಾಗ ಮೂರು ವಾರ ತುಂಬುವುದರೊಳಗೆ 1.2 ಕೋಟಿ ಪ್ರತಿ ಮಾರಾಟವಾಯಿತು. ಒಂದೇ ರಾಕ್ಷಸನ ಕೈಯಲ್ಲಿ ಅರವತ್ತು ಸಲ ಸತ್ತು, ತಪ್ಪು ನನ್ನದೇ, ಒಂದು ಕ್ಷಣ ಮುಂಚೆ ಉರುಳಬೇಕಿತ್ತು ಎಂದು ಒಪ್ಪಿಕೊಳ್ಳುವವರು, ಒಂದು ಕಥೆ ತಮ್ಮನ್ನು ಕೇಳದೆ ಮುಗಿದರೆ ಬೆಂಕಿಯಾಗುತ್ತಾರೆ. ಸೋಲನ್ನು ಸಹಿಸಬಲ್ಲರು. ಇಲ್ಲಿ ನೀನು ಮುಖ್ಯನಲ್ಲ ಎಂಬ ಮಾತನ್ನು ಸಹಿಸಲಾರರು. ಟಿ.ವಿ. ತಜ್ಞರಿಗೂ ಮೊದಲನೆಯದು ಬರುವುದಿಲ್ಲ, ಎರಡನೆಯದನ್ನು ಅವರಿಗೆ ಯಾರೂ ಹೇಳಿಲ್ಲ.

ಅದನ್ನು ಹೇಳಿಸಿಕೊಂಡವರು ಬೇರೆ. ಮೈಕ್ರೋಸಾಫ್ಟ್ 2024ರ ಜನವರಿಯಲ್ಲಿ ತನ್ನ ಗೇಮಿಂಗ್ ವಿಭಾಗದಿಂದ 1,900 ಜನರನ್ನು ತೆಗೆಯಿತು. ಮೇ ತಿಂಗಳಲ್ಲಿ ಟ್ಯಾಂಗೋ ಗೇಮ್‌ವರ್ಕ್ಸ್ ಸ್ಟುಡಿಯೊವನ್ನು ಮುಚ್ಚುತ್ತೇವೆ ಎಂದಿತು. ಅದರ ‘ಹೈ-ಫೈ ರಶ್’ ಗೇಮ್ ಎಲ್ಲ ಮುಖ್ಯ ಮಾನದಂಡಗಳಲ್ಲಿಯೂ ಗೆದ್ದಿದೆ ಎಂದು ಹಿಂದಿನ ವರ್ಷವಷ್ಟೇ ಕಂಪನಿಯ ಅಧಿಕಾರಿಯೊಬ್ಬರು ಸಾರ್ವಜನಿಕವಾಗಿ ಬರೆದಿದ್ದರು. ಮುಚ್ಚುವ ಸುದ್ದಿಯ ಮರುದಿನ ಇನ್ನೊಬ್ಬ ಮುಖ್ಯಸ್ಥರು, ನಮಗೆ ಗೌರವ, ಪ್ರಶಸ್ತಿ ತರುವ ಸಣ್ಣ ಗೇಮ್‌ಗಳು ಬೇಕು ಎಂದು ಸಿಬ್ಬಂದಿ ಸಭೆಯಲ್ಲಿ ಹೇಳಿದರೆಂದು ವರದಿಯಾಯಿತು. ಇದಕ್ಕೆ ನಾನು ಏನು ವಿಡಂಬನೆ ಬರೆಯಲಿ? ಅವರೇ ಬರೆದಾಗಿದೆ. ಚೆನ್ನಾಗಿ ಕೆಲಸ ಮಾಡಿದರು, ಚೆನ್ನಾಗಿದೆ ಎಂದು ಹೇಳಿಸಿಕೊಂಡರು, ಮನೆಗೆ ಹೋದರು. ಆಗಸ್ಟ್‌ನಲ್ಲಿ ಕ್ರಾಫ್ಟನ್ ಎಂಬ ಕೊರಿಯಾದ ಕಂಪನಿ ಟ್ಯಾಂಗೋವನ್ನು ಎತ್ತಿಕೊಂಡಿತು. ಅದೇ ಮೇ ತಿಂಗಳಲ್ಲಿ ಮುಚ್ಚಿದ ಆರ್ಕೇನ್ ಆಸ್ಟಿನ್ ಎಂಬ ಇನ್ನೊಂದು ಸ್ಟುಡಿಯೊಗೆ ಅಂಥವರು ಸಿಗಲಿಲ್ಲ. ನಮ್ಮೆಲ್ಲರಿಗೆ ಓಡಿಹೋಗಲು ಜಾಗ ಕಟ್ಟಿಕೊಟ್ಟವರು ಎಲ್ಲಿಗೆ ಓಡಿಹೋಗಬೇಕು ಎಂದು ಆ ನಾಲ್ವರು ತಜ್ಞರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳುತ್ತಾರೆಂದು ನಾನು ಕಾದು ಕುಳಿತದ್ದೇ ದಡ್ಡತನ. ಬೇಸರವಾಗುತ್ತದೆ, ಅಷ್ಟೇ. ಸಿಟ್ಟಿಗೂ ಒಂದು ಶಕ್ತಿ ಬೇಕು.

ಅಂದಹಾಗೆ, ಆ ಮೆಟ್ಟಿಲಿನ ಕೊಳೆ ಸಿಕ್ಕಿತು. ಮೂರನೆಯ ಮೆಟ್ಟಿಲಿನ ಒಳಅಂಚಿನಲ್ಲಿತ್ತು. ಗುಂಡಿ ಒತ್ತಿದ ಪ್ರತಿ ಸಲವೂ ಅಲ್ಲೇ ಹೊಳೆಯುತ್ತಿತ್ತಂತೆ, ನಾನು ನಿಂತ ಜಾಗದಿಂದ ಕಾಣುತ್ತಿರಲಿಲ್ಲ. ಟಿಣ್ ಎಂದಿತು. ಎದ್ದು ಸಿಂಕಿನ ಹತ್ತಿರ ಹೋದೆ, ಬಾಣಲೆಯ ನೀರು ಚೆಲ್ಲಿ ಹೊಸ ನೀರು ತುಂಬಿದೆ. ನೆನೆಯಲಿ, ಬೆಳಗ್ಗೆ ನೋಡೋಣ ಎಂದು ದೀಪ ಆರಿಸಿದೆ.