ಯುರೋಪಿನವರು ಬರೋ ಮುಂಚೆ ಆಫ್ರಿಕಾ ಬರೀ ಕಾಡಾಗಿತ್ತಾ? ಸತ್ಯಾಂಶ ಇಲ್ಲಿದೆ

"ಬಿಳಿಯರು ಬರುವವರೆಗೆ ಆಫ್ರಿಕಾಕ್ಕೆ ಇತಿಹಾಸವೇ ಇರಲಿಲ್ಲ. ಒಂದು ಬುಡಕಟ್ಟಿಗೆ ಪಕ್ಕದವರ ಪರಿಚಯವೂ ಇರಲಿಲ್ಲ." ಇಂಥ ಮೆಸೇಜು ವಾಟ್ಸಾಪ್‌ನಲ್ಲಿ ಆಗಾಗ ಓಡಾಡುತ್ತದೆ. ಇದು ಸುಳ್ಳು.

1352ರಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಸಹಾರಾ ದಾಟಿ ಪಶ್ಚಿಮ ಆಫ್ರಿಕಾದ ಮಾಲಿ ರಾಜ್ಯಕ್ಕೆ ಹೊರಟ. ದಾರಿಯಲ್ಲಿ ತಗಾಜಾ ಎಂಬ ಉಪ್ಪಿನ ಗಣಿಯ ಊರು ಸಿಕ್ಕಿತು. ಮನೆ, ಮಸೀದಿ ಎಲ್ಲ ಉಪ್ಪಿನ ಹಲಗೆಗಳಿಂದಲೇ ಕಟ್ಟಿದ್ದು, ಮೇಲೆ ಒಂಟೆ ಚರ್ಮದ ಚಾವಣಿ. ಗಿಡಮರ ಇಲ್ಲ. ಖರ್ಜೂರ ಉತ್ತರದಿಂದ, ಧಾನ್ಯ ದಕ್ಷಿಣದಿಂದ ಬರಬೇಕು. ನೊಣದ ಕಾಟ ವಿಪರೀತ ಎಂದು ಪಾಪ ಗೊಣಗಿದ್ದಾನೆ! ಈ ಉಪ್ಪು ದಕ್ಷಿಣಕ್ಕೆ ಹೋಗುತ್ತಿತ್ತು, ಅಲ್ಲಿನ ಚಿನ್ನ ಮರುಭೂಮಿ ದಾಟಿ ಉತ್ತರಕ್ಕೆ ಬರುತ್ತಿತ್ತು.

ಇನ್ನು ಗ್ರೇಟ್ ಜಿಂಬಾಬ್ವೆ ನೋಡಿ. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿರುವ ಕಲ್ಲಿನ ಊರು. ಅಲ್ಲಿ ಚೀನಾದ ಪಿಂಗಾಣಿ ಚೂರು, ಭಾರತದ ಗಾಜಿನ ಮಣಿ, ಪೂರ್ವ ಆಫ್ರಿಕಾ ಕರಾವಳಿಯ ಕಿಲ್ವಾ ದ್ವೀಪದ ಸುಲ್ತಾನನ ನಾಣ್ಯ ಸಿಕ್ಕಿವೆ. ಇವೆಲ್ಲ ಸುಮ್ನೆ ಅಲ್ಲಿಗೆ ಹೋಗಿ ಬೀಳಲಿಲ್ಲ. ಒಳನಾಡಿನ ಚಿನ್ನ ಸೊಫಾಲಾ ಬಂದರಿಗೆ ಬಂದು, ಕಿಲ್ವಾ ವರ್ತಕರ ಕೈಸೇರಿ, ಅರಬ್ಬಿ ಸಮುದ್ರ ದಾಟುತ್ತಿತ್ತು. 1498ರಲ್ಲಿ ವಾಸ್ಕೋ ಡ ಗಾಮನಿಗೆ ಕ್ಯಾಲಿಕಟ್ ದಾರಿ ಬಲ್ಲ ನಾವಿಕ ಸಿಕ್ಕಿದ್ದು ಈ ಕರಾವಳಿಯ ಮಾಲಿಂದಿಯಲ್ಲೇ. ಅಂದಮೇಲೆ ದಾರಿ ಮೊದಲೇ ಇತ್ತು, ಅಲ್ವಾ?

ಈ ವ್ಯಾಪಾರದಲ್ಲಿ ಮನುಷ್ಯರನ್ನೂ ಮಾರುತ್ತಿದ್ದರು, ಅದನ್ನು ಮುಚ್ಚಿಡಬೇಕಿಲ್ಲ. ದಖ್ಖನಿನ ಹಬ್ಶಿಗಳಲ್ಲಿ (ಆಫ್ರಿಕಾ ಮೂಲದವರಲ್ಲಿ) ಎಷ್ಟೋ ಜನ ಹಾಗೆ ಬಂದವರೇ. ಅವರಲ್ಲೊಬ್ಬನಾದ ಇಖ್ಲಾಸ್ ಖಾನ್ 17ನೇ ಶತಮಾನದಲ್ಲಿ ನಮ್ಮ ಬಿಜಾಪುರದ ಮುಹಮ್ಮದ್ ಆದಿಲ್ ಶಾಹನ ಪ್ರಧಾನಮಂತ್ರಿಯಾಗಿದ್ದ.