ಎತ್ತಿಗೆ ಜ್ವರ, ಮೆಮೊರಿಗೆ ಬರೆ

ನಾನು ಕಂಡ ಮೊದಲ ಸರ್ವರ್ ಹೋಟೆಲಿನವನು. ಆರು ಮೇಜುಗಳ ಇಪ್ಪತ್ತು ಬಗೆಯ ತಿಂಡಿಗಳನ್ನು, ಯಾರಿಗೆ ಚಟ್ನಿ ಬೇಡ, ಯಾರ ವಡೆ ಸಾಂಬಾರಿನಲ್ಲಿ ಮುಳುಗಿರಬೇಕು ಎಂಬ ವಿವರ ಸಮೇತ, ಒಂದಕ್ಷರವನ್ನೂ ಬರೆದುಕೊಳ್ಳದೆ ಅಡುಗೆಮನೆಗೆ ಮುಟ್ಟಿಸಿ ಅಷ್ಟನ್ನೂ ತಪ್ಪಿಲ್ಲದೆ ತಂದಿಡುತ್ತಿದ್ದ ಆತನಿಗೆ ನೆನಪಿನ ತೊಂದರೆ ಬಂದದ್ದನ್ನು ನಾನು ನೋಡಲಿಲ್ಲ. ಈಗ ಅದೇ ಹೆಸರಿನ ಕಬ್ಬಿಣದ ಪೆಟ್ಟಿಗೆಯೊಂದು ನಮ್ಮ ಕಡೆಯ ಸರ್ಕಾರಿ ಕಚೇರಿಯೊಂದರಲ್ಲಿ ಕುಳಿತು, ವಾರಕ್ಕೆರಡು ಬಾರಿ ಎಲ್ಲವನ್ನೂ ಮರೆಯುತ್ತದೆ. ‘ಸರ್ವರ್ ಡೌನ್’ ಎಂಬ ಕಾಗದವನ್ನು ಪ್ರತಿ ಸಲ ಅಂಟಿಸಿ ಕೀಳುವುದು ಸಿಬ್ಬಂದಿಗೆ ಹೊರೆಯಾದ್ದರಿಂದ, ಹೋದ ವರ್ಷ ಅದನ್ನು ತಗಡಿನ ಮೇಲೆ ಎನಾಮೆಲ್ ಬಣ್ಣದಲ್ಲಿ ಬರೆಸಿ, ಅಕ್ಷರ ಮಾಸದಂತೆ ವಾರ್ನಿಷ್ ಹಚ್ಚಿ ಗೋಡೆಗೆ ಮೊಳೆ ಹೊಡೆದಿದ್ದಾರೆ.

ಇಂಥ ಪೆಟ್ಟಿಗೆಗಳ ಮುಚ್ಚಳ ತೆಗೆದೇ ಅನ್ನ ತಿಂದವನು ನಾನೆಂಬುದು ಹೇಗೋ ತಿಳಿದು, ದಾಖಲೆಯ ನಕಲಿಗಾಗಿ ಮೂರನೇ ಸಲ ಹೋದಾಗ ಅಧಿಕಾರಿಗಳು ನನ್ನನ್ನು ಒಳಗೆ ಕರೆದರು. ಮುಂಭಾಗದಲ್ಲಿ ಉರಿಯುತ್ತಿದ್ದ, ದೋಷವಿದೆಯೆಂದು ಎಚ್ಚರಿಸುವ ಕಿತ್ತಳೆ ದೀಪದ ಮೇಲೆ ಕಪ್ಪು ಟೇಪು ಅಂಟಿಸಲಾಗಿತ್ತು. ಸಾಹೇಬರ ಕಣ್ಣಿಗೆ ಅದು ಕುಕ್ಕುತ್ತಿತ್ತಂತೆ. ಆಯುಧ ಪೂಜೆಯ ಕುಂಕುಮವು ಫ್ಯಾನಿನ ಎಳೆತಕ್ಕೆ ಒಳಹೊಕ್ಕು, ಮೆಮೊರಿಯ ಪಟ್ಟಿಗಳು ಕೂರುವ ಸ್ಲಾಟುಗಳ ಮೇಲೆ ಸಮನಾಗಿ ಹರಡಿತ್ತು. ದೇವರ ಕೃಪೆ ಎಲ್ಲ ಸ್ಲಾಟುಗಳಿಗೂ ಸಮವಾಗಿ ಸಿಕ್ಕಿತ್ತೆನ್ನಬೇಕು, ಆದರೆ ಕೆಡುತ್ತಿದ್ದುದು ಎ1 ಎಂಬ ಸ್ಲಾಟು ಒಂದೇ.

ಪಾಪ, ಯಂತ್ರ ತನ್ನ ಕರ್ತವ್ಯದಲ್ಲಿ ಲೋಪ ಮಾಡಿರಲಿಲ್ಲ. ಇಂಥ ಸರ್ವರಿನ ಮೆಮೊರಿ ಸಾಮಾನ್ಯವಾಗಿ ಪ್ರತಿ 64 ಬಿಟ್ (ಬಿಟ್ ಎಂದರೆ ಒಂದು ಸೊನ್ನೆ ಅಥವಾ ಒಂದು) ಮಾಹಿತಿಗೆ 8 ಬಿಟ್ ಕಾವಲು ಇಟ್ಟುಕೊಂಡಿರುತ್ತದೆ. ಒಂದು ಬಿಟ್ ತಿರುವುಮುರುವಾದರೆ ತಾನೇ ತಿದ್ದಿಕೊಳ್ಳುತ್ತದೆ, ಎರಡು ಕೆಟ್ಟರೆ ತಿದ್ದಲಾಗದೆಂದು ಒಪ್ಪಿಕೊಳ್ಳುತ್ತದೆ, ಆಗ ತಪ್ಪು ಲೆಕ್ಕ ಕೊಡುವ ಬದಲು ಕೆಲಸವನ್ನೇ ನಿಲ್ಲಿಸುತ್ತದೆ. ತಪ್ಪಿಗಿಂತ ನಿಲುಗಡೆ ಲೇಸು ಎಂಬ ಈ ಶಿಸ್ತನ್ನು ಆ ಕಟ್ಟಡದಲ್ಲಿ ಪಾಲಿಸುತ್ತಿದ್ದುದು ಅದೊಂದೇ ಇರಬೇಕು. ಮೊದಲ ಬಾರಿ ನಿಲ್ಲುವುದಕ್ಕೆ ವಾರಗಳ ಹಿಂದಿನಿಂದಲೇ ಅದು ಎ1ರಲ್ಲಿ ತಿದ್ದಿದ ದೋಷಗಳನ್ನು ದಿನಾಂಕ, ಗಂಟೆ ಸಹಿತ ಲಾಗ್ ಎಂಬ ತನ್ನ ದಿನಚರಿಯಲ್ಲಿ ಬರೆದಿಡುತ್ತಿತ್ತು. ಲಾಗ್ ತುಂಬಿದೆ ಎಂಬ ಎಚ್ಚರಿಕೆ ಬರುತ್ತಿದ್ದುದರಿಂದ ಪ್ರತಿ ಸೋಮವಾರ ಅದನ್ನು ಅಳಿಸಲಾಗುತ್ತಿತ್ತು. ಮರೆವಿನ ಬಗ್ಗೆ ಕೊಟ್ಟ ದೂರನ್ನೂ ಮರೆಯುವುದಕ್ಕೆ ಒಬ್ಬ ನೌಕರರನ್ನು ನೇಮಿಸಿದ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಿರ್ವಹಣೆಯ ಗುತ್ತಿಗೆ ಹಿಡಿದವರು ಸುಮ್ಮನೆ ಕೂತಿರಲಿಲ್ಲ. ಎ1ರಲ್ಲಿದ್ದ ಮಾಡ್ಯೂಲನ್ನು, ಅಂದರೆ ಮೆಮೊರಿ ಪಟ್ಟಿಯನ್ನು, ತೆಗೆದು ಹೊಸದು ಹಾಕಿದರು. ಅದೂ ಕೆಟ್ಟಿತೆಂದು ಇನ್ನೊಂದು, ಮತ್ತೊಂದು. ಹೀಗೆ ಐದು ಮಾಡ್ಯೂಲ್‌ಗಳು ‘ನಿರುಪಯುಕ್ತ’ ಎಂಬ ಚೀಟಿ ಹೊತ್ತು ಬೀರು ಸೇರಿದವು. ಐದನೆಯದರ ವರದಿಯಲ್ಲಿ ಕಾರಣದ ಅಂಕಣಕ್ಕೆ ‘ವಿಶ್ವಕಿರಣಗಳು’, ಅಂದರೆ ಬಾಹ್ಯಾಕಾಶದಿಂದ ಬಂದು ಬಡಿಯುವ ಕಣಗಳು, ಎಂದು ಬರೆದು ಸಹಿ ಹಾಕಿದ್ದರು.

ಆಕಾಶದ ಮೇಲಿನ ಈ ಆರೋಪವನ್ನು ನಾನು ನಗೆಯಾಡಿ ತಳ್ಳಿಹಾಕುವುದಿಲ್ಲ. 2003ರ ಚುನಾವಣೆಯಲ್ಲಿ ಬ್ರಸೆಲ್ಸ್ ನಗರದ ಸ್ಕಾರ್ಬೀಕ್ ಭಾಗದ ಮತಯಂತ್ರವೊಂದು ಒಬ್ಬ ಅಭ್ಯರ್ಥಿಗೆ, ಸಾಧ್ಯವೇ ಇಲ್ಲದಷ್ಟು, 4,096 ಮತಗಳನ್ನು ಹೆಚ್ಚಿಗೆ ಕೊಟ್ಟಿತ್ತು. ಹನ್ನೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆ ಅದೇ, ಯಂತ್ರದ ಎಣಿಕೆಯಲ್ಲಿ ಒಂದು ಬಿಟ್ಟಿನ ಬೆಲೆಯೂ ಅದೇ ಆದ್ದರಿಂದ, ಒಂದೇ ಒಂದು ಬಿಟ್ ತಾನಾಗಿ ಹೊರಳಿತೆಂದು ಪರಿಣತರು ತೀರ್ಮಾನಿಸಿದರು. ವಿಶ್ವಕಿರಣವೇ ಕಾರಣವಿದ್ದೀತೆಂಬ ಮಾತು ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. ಆದರೆ ಕೋಟ್ಯಂತರ ಮೈಲಿ ದಾಟಿ ಬರುವ ಕಿರಣವೊಂದು ನಮ್ಮ ಜಿಲ್ಲೆಯನ್ನು ಹುಡುಕಿ, ಕಚೇರಿಯ ವೇಳೆಯಲ್ಲೇ ಬಂದು, ಹದಿನಾರು ಸ್ಲಾಟುಗಳ ನಡುವೆ ಎ1ಕ್ಕೇ ವಾರಕ್ಕೆರಡು ಬಾರಿ ಬಡಿಯುವುದಾದರೆ, ಅದಕ್ಕೆ ಹಾಜರಿ ಪುಸ್ತಕದಲ್ಲಿ ಒಂದು ಸಾಲು ಕೊಡುವುದು ನ್ಯಾಯ. ಸಾವಿರಾರು ಯಂತ್ರಗಳ ಲೆಕ್ಕ ಹಿಡಿದು ಟೊರಾಂಟೊ ವಿಶ್ವವಿದ್ಯಾಲಯ ಮತ್ತು ಗೂಗಲ್‌ನ ಸಂಶೋಧಕರು 2009ರಲ್ಲೇ ಹೇಳಿದ್ದು ಬೇರೆ: ವರ್ಷವೊಂದರಲ್ಲಿ ಶೇ 8ಕ್ಕಿಂತ ಹೆಚ್ಚು ಮಾಡ್ಯೂಲ್‌ಗಳು ತಿದ್ದಬಹುದಾದ ದೋಷ ತೋರುತ್ತವೆ, ಒಮ್ಮೆ ತೋರಿದ್ದು ಮತ್ತೆ ತೋರುವ ಸಂಭವ ಬಹಳ ಹೆಚ್ಚು, ಮತ್ತು ಇವುಗಳ ಹಿಂದೆ ಆಕಾಶಕ್ಕಿಂತ ಯಂತ್ರಭಾಗದ ಊನವೇ ಮುಖ್ಯ.

ನಾನು ಕೊಟ್ಟ ಸಲಹೆ ಹತ್ತು ನಿಮಿಷದ್ದು. ವಿದ್ಯುತ್ ತೆಗೆದು, ಎ1ರ ಮಾಡ್ಯೂಲನ್ನು ಬಿ1ಕ್ಕೂ ಬಿ1ರದ್ದನ್ನು ಎ1ಕ್ಕೂ ಹಾಕಿ ಕಾಯಬೇಕು. ದೋಷ ಮಾಡ್ಯೂಲಿನ ಜೊತೆಗೆ ಬಿ1ಕ್ಕೆ ಹೋದರೆ ಮಾಡ್ಯೂಲ್ ಕೆಟ್ಟಿದೆ. ಎ1ರಲ್ಲೇ ಉಳಿದರೆ ಸ್ಲಾಟು ಕೆಟ್ಟಿರಬೇಕು, ಇಲ್ಲವೇ ಪ್ರೊಸೆಸರ್ ಕೂರುವ ಸಾಕೆಟ್ಟಿನಲ್ಲಿ ಯಾವುದೋ ಪಿನ್ನು ಬಾಗಿರಬೇಕು, ಏಕೆಂದರೆ ಈಗಿನ ಸರ್ವರುಗಳಲ್ಲಿ ಮೆಮೊರಿಯನ್ನು ಆಳುವ ಕಂಟ್ರೋಲರ್ ಇರುವುದೇ ಪ್ರೊಸೆಸರಿನೊಳಗೆ. ಇಷ್ಟನ್ನು ಕೇಳಿ ಅಧಿಕಾರಿಗಳ ಮುಖ ಗಂಭೀರವಾಯಿತು. ದಾಸ್ತಾನು ಪುಸ್ತಕದಲ್ಲಿ ಪ್ರತಿ ಮಾಡ್ಯೂಲಿನ ಕ್ರಮಸಂಖ್ಯೆಯ ಎದುರು ಸ್ಲಾಟಿನ ಹೆಸರಿದೆ, ಆದೇಶವಿಲ್ಲದೆ ಅದನ್ನು ಕದಲಿಸಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ ಎಂದರು.

ಪ್ರತಿ ವರ್ಷ ಮೇ, ಜೂನ್ ಬಂತೆಂದರೆ ಸಾವಿರಾರು ನೌಕರರನ್ನು ಮಕ್ಕಳ ಶಾಲೆ ತಪ್ಪಿಸಿ, ಗಂಟುಮೂಟೆ ಕಟ್ಟಿಸಿ ಬೀದರಿನಿಂದ ಚಾಮರಾಜನಗರದವರೆಗೆ ಸಾಗಿಸಬಲ್ಲ ನಾಡಿನಲ್ಲಿ, ಒಂದು ಗೇಣು ದೂರದ ವರ್ಗಾವಣೆಗೆ ಇಷ್ಟು ಹಿಂಜರಿಕೆಯೇ! ದೂರು ಬಂದೊಡನೆ ಕುರ್ಚಿಯಲ್ಲಿ ಕೂತವರನ್ನು ಬದಲಿಸುತ್ತ, ಹೊಸಬರ ಮೇಲೂ ಅದೇ ದೂರು ಬಂದಾಗ ಅವರನ್ನೂ ಬದಲಿಸುತ್ತ, ಕುರ್ಚಿಯನ್ನು ಮಾತ್ರ ಒಮ್ಮೆಯೂ ತಿರುಗಿಸಿ ನೋಡದ ಪರಂಪರೆಯೇ ಐದು ಮಾಡ್ಯೂಲ್‌ಗಳನ್ನು ಬೀರುವಿಗೆ ಕಳಿಸಿತ್ತೆಂಬುದು ನನಗಾಗ ಹೊಳೆಯಿತು. ಕೊನೆಗೆ ದಾರಿ ತೋರಿದವರು ಹಳೆಯ ಗುಮಾಸ್ತರು. ‘ಪರಸ್ಪರ ವರ್ಗಾವಣೆ’ ಎಂದು ಟಿಪ್ಪಣಿ ಹಾಕಿದರೆ ಎರಡೂ ಕಡೆ ಹುದ್ದೆ ಖಾಲಿಯಾಗುವುದಿಲ್ಲ ಎಂದರು. ಕಡತ ನಾಲ್ಕು ಮೇಜು ಹತ್ತಿಳಿದು, ನಲವತ್ತೊಂದನೇ ದಿನ ಆದೇಶ ಹೊರಬಿತ್ತು. ಅದಲುಬದಲಿಗೆ ಹಿಡಿದದ್ದು ಆರೇ ನಿಮಿಷ.

ಮೂರನೇ ದಿನ ದೋಷ ಕಾಣಿಸಿಕೊಂಡಿತು, ಎ1ರಲ್ಲೇ. ಬೀರುವಿನ ಐದು ಮಾಡ್ಯೂಲ್‌ಗಳನ್ನು ಬೇರೆ ಯಂತ್ರಕ್ಕೆ ಹಾಕಿ ರಾತ್ರಿಯಿಡೀ ಮೆಮ್‌ಟೆಸ್ಟ್ ಎಂಬ ಮೆಮೊರಿ ಪರೀಕ್ಷೆ ಓಡಿಸಿದರೆ ಒಂದರಲ್ಲೂ ತಪ್ಪಿಲ್ಲ. ಸ್ಲಾಟುಗಳನ್ನು ಹೊತ್ತ ಮದರ್‌ಬೋರ್ಡ್ ಮತ್ತು ಸಾಕೆಟ್ಟನ್ನು ಪರೀಕ್ಷಿಸಬೇಕೆಂದು ನಾನು ಒಂದು ಪುಟ ಬರೆದುಕೊಟ್ಟು ಮನೆಗೆ ಬಂದೆ.

ಹೋದ ವಾರ ನಕಲಿಗಾಗಿ ಮತ್ತೆ ಹೋದಾಗ ತಗಡಿನ ಫಲಕ ಇದ್ದಲ್ಲೇ ಇತ್ತು. ನನ್ನ ಪುಟವನ್ನು ಕಡತಕ್ಕೆ ಸೇರಿಸಿದ್ದರು. ಅದರ ಮೇಲಿನ ಆದೇಶವನ್ನೂ ಗುಮಾಸ್ತರು ತೋರಿಸಿದರು: ಮೂರು ವರ್ಷ ಬಿ1ರಲ್ಲಿ ಯಾವ ದೂರಿಗೂ ಎಡೆಗೊಡದೆ ಕೆಲಸ ಮಾಡಿದ ಮಾಡ್ಯೂಲು, ಎ1ಕ್ಕೆ ವರದಿ ಮಾಡಿಕೊಂಡ ಮೂರೇ ದಿನಗಳಲ್ಲಿ ದೋಷವೆಸಗಿರುವುದರಿಂದ, ಅದನ್ನು ತಕ್ಷಣದಿಂದ ಜಾರಿಗೆ ಬರುವಂತೆ ತೆಗೆದು ಬೀರುವಿನಲ್ಲಿರಿಸಿ, ಎ1ಕ್ಕೆ ಹೊಸ ಮಾಡ್ಯೂಲ್ ಖರೀದಿಸಲು ದರಪಟ್ಟಿ ಕರೆಯತಕ್ಕದ್ದು.