ಅವ್‌ವನಿಗೆ ಎಂಬತ್‌ತು

ಮೇಲಿನ ಹೆಸರಿನಲ್ಲಿ ಅಚ್ಚಿನ ತಪ್ಪಿಲ್ಲ. ಅದು ಇರಬೇಕಾದ್ದೇ ಹಾಗೆ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಅವ್ವ ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತಿದೆ. ಕಾರ್ಡುಗಳನ್ನು ನಂಬಿದರೆ ನಮ್ಮ ಓಣಿಯ ಅರ್ಧ ಮುದುಕರು ಜನವರಿ ಒಂದಕ್ಕೇ ಹುಟ್ಟಿದವರು. ಅವ್ವನನ್ನೇ ಕೇಳಿದರೆ, "ರಜಾಕಾರರ ಗದ್ದಲದಾಗ ನಾ ಮೂರು ವರ್ಷದಾಕಿ ಇದ್ದೆ. ನಮ್ಮವ್ವ ನನ್ನ ಬಗಲಾಗ ಹೊತ್ಕೊಂಡು ಜ್ವಾಳದ ಹೊಲದಾಗ ಅಡಗಿ ಕುಂತಿದ್ಳಂತ" ಅನ್ನುತ್ತಾಳೆ. ರಜಾಕಾರರು ಅಂದರೆ ನಿಜಾಮರ ಪರ ನಿಂತಿದ್ದ ಖಾಸಗಿ ಪಡೆ. ಅವರ ಗದ್ದಲ ಮುಗಿದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಆ ಲೆಕ್ಕದಲ್ಲಿ 2025ಕ್ಕೆ ಅವ್ವನಿಗೆ ಎಂಬತ್ತು ತುಂಬಿತು. ತಾರೀಖು ಹೇಗೂ ಇಲ್ಲವಲ್ಲ, ಹದಿನೇಳಕ್ಕೇ ಹುಟ್ಟುಹಬ್ಬ ಇಟ್ಟುಕೊಳ್ಳೋಣ ಅಂತ ತಂಗಿ ತೀರ್ಮಾನ ಮಾಡಿದಳು. ಅವತ್ತು ನಮ್ಮ ಕಡೆ ಊರೂರಲ್ಲೂ ಧ್ವಜ ಏರಿಸುತ್ತಾರೆ. ಶಾಮಿಯಾನ ಮಾತ್ರ ನಾವು ಹಾಕಿದರಾಯ್ತು.

ಹೋಳಿಗೆ ತಂಗಿಗೆ. ಶಾಮಿಯಾನ ಭಾವನಿಗೆ. ನನಗೆ ಬಂದ ಕೆಲಸ, ಅವ್ವನ ಮೇಲೆ ಹದಿನೈದು ನಿಮಿಷದ ಒಂದು ವಿಡಿಯೋ. 2020ರ ಲಾಕ್‌ಡೌನ್‌ನಲ್ಲಿ ಜನ ಕಷಾಯ ಕುಡಿಯೋದು ಕಲಿತರು, ನಾನು ವಿಡಿಯೋ ಎಡಿಟಿಂಗ್ ಕಲಿತೆ. ಅವರ ಚಟ ಬಿಟ್ಟುಹೋಯಿತು, ನನ್ನದು ಹೋಗಲಿಲ್ಲ. ಒಂದೇ ಷರತ್ತು: ಅವ್ವನಿಗೆ ಗೊತ್ತಾಗಬಾರದು. ಈ ಷರತ್ತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಅನಾಹುತಕ್ಕೆಲ್ಲ ಇದೇ ಬೇರು.

ಸೆಪ್ಟೆಂಬರ್ 12ರ ರಾತ್ರಿ. ಮುಕ್ಕಾಲು ಕೆಲಸ ಮುಗಿದಿತ್ತು. ನಿದ್ದೆಗಣ್ಣಲ್ಲಿ ಕಂಪ್ಯೂಟರ್ ಮುಚ್ಚಲು ಹೋದೆ. 'ಅಪ್‌ಡೇಟ್ ಮಾಡಿ ಮುಚ್ಚು' ಅನ್ನೋದು ಕಣ್ಣಿಗೆ ಬಿತ್ತು, ಒತ್ತಿದೆ. ನೀಲಿ ಪರದೆ ಬಂತು. ಪ್ರತಿಶತ 30ಕ್ಕೆ ಬಂದು ನಿಂತಿತು. 'ದಯವಿಟ್ಟು ಕಂಪ್ಯೂಟರ್ ಆಫ್ ಮಾಡಬೇಡಿ' ಅಂತ ಅದು ಬೇಡಿಕೊಳ್ಳೋದಕ್ಕೂ, ಹೊರಗೆ ಮಳೆ ಜಡಿದು ಕರೆಂಟ್ ಹೋಗೋದಕ್ಕೂ ಸರಿಹೋಯಿತು. ಯುಪಿಎಸ್ ಕುಂಯ್ ಕುಂಯ್ ಅಂತ ಶುರು ಮಾಡಿತು. ನಮ್ಮ ಯುಪಿಎಸ್ ಕೂಗೋದು ಹತ್ತು ನಿಮಿಷ, ಆಮೇಲೆ ಸಾಯುತ್ತದೆ. ಕತ್ತಲಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಕೂತು, ಪಕ್ಕದಲ್ಲಿ ಮೊಬೈಲ್ ಟಾರ್ಚ್ ಇಟ್ಟುಕೊಂಡು, 'ಮೂವತ್ತೊಂದಾಗು ತಾಯಿ' ಅಂತ ಶರಣಬಸವೇಶ್ವರರನ್ನು ನೆನೆದೆ. ಒಂಬತ್ತನೇ ನಿಮಿಷಕ್ಕೆ ಕರೆಂಟ್ ಬಂತು. ಇದೇ ಆ ವಾರದ ಕೊನೆಯ ಒಳ್ಳೆಯ ಸುದ್ದಿ.

ಬೆಳಿಗ್ಗೆ ಎಡಿಟಿಂಗ್ ಸಾಫ್ಟ್‌ವೇರ್ ತೆರೆದರೆ ಬರೀ ಅದರ ಚಿತ್ರ ಬಂತು, ಹೋಯಿತು. ಮತ್ತೆ ತೆರೆದೆ. ಬಂತು, ಹೋಯಿತು. ಹೆಣ್ಣು ನೋಡಲು ಬಂದವರು ಚಹಾ ಕುಡಿದು ಏನೂ ಹೇಳದೆ ಎದ್ದು ಹೋದ ಹಾಗೆ.

ಅಪ್‌ಡೇಟ್ ಇಷ್ಟವಾಗದಿದ್ದರೆ ಹತ್ತು ದಿನದೊಳಗೆ ಹಳೆಯದಕ್ಕೆ ವಾಪಸ್ ಹೋಗಬಹುದು. ಹಳೆಯದನ್ನೆಲ್ಲ ಅದು ಒಂದು ಕಡೆ ಜೋಪಾನವಾಗಿ ಇಟ್ಟಿರುತ್ತದೆ. ಇದು ನನಗೆ ಗೊತ್ತಾಗಿದ್ದು ಮಧ್ಯಾಹ್ನ. ಬೆಳಿಗ್ಗೆ ಎಂಟಕ್ಕೆ ಕಂಪ್ಯೂಟರ್ 'ಜಾಗ ಸಾಲುತ್ತಿಲ್ಲ' ಅಂದಿತ್ತು. ನಾನು ಕ್ಲೀನಪ್ ತೆರೆದು, ಇದ್ದಬದ್ದ ಚೌಕಕ್ಕೆಲ್ಲ ಟಿಕ್ ಹಾಕಿ, 22 ಜಿಬಿ ಖಾಲಿ ಮಾಡಿ, ಹೆಂಡತಿಗೆ ಹೇಳಿ ಬೇರೆ ಬೀಗಿದ್ದೆ. ಆ ಜೋಪಾನ ಮಾಡಿದ ಗಂಟೇ ಆ 22 ಜಿಬಿ.

ಸಿಪಿಯು ಹೊತ್ತುಕೊಂಡು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋದೆ. ಅಂಗಡಿಯ ಹುಡುಗ ಅದನ್ನು ತೆರೆಯಲೂ ಇಲ್ಲ.

"ಫಾರ್ಮ್ಯಾಟ್ ಹೊಡಿಬೇಕಾಗ್ತದ ಸರ."

"ತಮ್ಮಾ, ಏನಾಗ್ಯದ ಅಂತ ನೋಡು ಮೊದಲ."

"ಏನರ ಆಗಿರ್ಲಿ ಸರ, ಫಾರ್ಮ್ಯಾಟ್ ಹೊಡದ್ರ ಹೋಗ್ತದ. ಫಿಕರ್ ನಕ್ಕೋ."

ಹೋಗುತ್ತದೆ, ನಿಜ. ಅವ್ವನ ಎಂಬತ್ತು ವರ್ಷವೂ ಅದರ ಜೊತೆ ಹೋಗುತ್ತದೆ. ನಮ್ಮೂರಲ್ಲಿ ಕಂಪ್ಯೂಟರಿಗೆ ಒಂದೇ ಔಷಧ. ಸೌಂಡ್ ಬರ್ತಿಲ್ಲವೇ? ಫಾರ್ಮ್ಯಾಟ್. ಪ್ರಿಂಟರ್ ಕಾಗದ ಎಳೀತಿಲ್ಲವೇ? ಫಾರ್ಮ್ಯಾಟ್. ನಾನು ಸಿಪಿಯು ವಾಪಸ್ ಆಟೋಕ್ಕೆ ಹಾಕಿಕೊಂಡು ಬಂದೆ.

ಪುಣೆಯಲ್ಲಿ ಕೆಲಸಕ್ಕಿರುವ ಅಳಿಯ, ಅಂದರೆ ತಂಗಿಯ ಮಗ, ಫೋನಿನಲ್ಲಿ ಸಿಕ್ಕ. ಅವನು ಸಮಾಧಾನದ ಹುಡುಗ. "ಮಾಮಾ, ಅಪ್‌ಡೇಟ್ ಆದಾಗ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ತೆಗೆದು ತನ್ನದೊಂದು ಸಾದಾ ಡ್ರೈವರ್ ಕೂಡಿಸಿರ್ತದ. ಅದಕ್ಕ ಕ್ರ್ಯಾಶ್ ಆಗ್ಲಾಕತ್ತದ. ಆ ಡ್ರೈವರ್‌ನ ಪೂರಾ ತೆಗೀರಿ. ಕಾರ್ಡ್ ಮಾಡಿದವರ ಕಡಿಂದ ಹೊಸಾದು ಇಳಿಸಿಕೊಂಡು ಹಾಕ್ರಿ" ಅಂದ. ಗ್ರಾಫಿಕ್ಸ್ ಕಾರ್ಡ್ ಅಂದರೆ ಪರದೆಗೆ ಚಿತ್ರ ಕಳಿಸೋ ಭಾಗ, ಡ್ರೈವರ್ ಅಂದರೆ ಅದನ್ನು ನಡೆಸೋ ಸಣ್ಣ ಸಾಫ್ಟ್‌ವೇರ್.

ನನಗೆ ಕಿವಿ ಸ್ವಲ್ಪ ಮಂದ. ಅದಕ್ಕೇ ಜೋರಾಗಿ ಮಾತಾಡೋ ಅಭ್ಯಾಸ. "ಡ್ರೈವರ್ ಸರಿ ಇಲ್ಲೇನು? ಅದಕ್ಕ ಕ್ರ್ಯಾಶ್ ಆತೇನು? ಅಂವನ್ನ ತೆಗೆದು ಬ್ಯಾರೆ ಡ್ರೈವರ್ ಹಾಕಬೇಕೇನು?" ಅಂತ ಒಂದೊಂದನ್ನೂ ತಿರುಗಿ ಕೇಳಿ ಖಾತ್ರಿ ಮಾಡಿಕೊಂಡೆ. ಪಡಸಾಲೆಯಲ್ಲಿ ಅವ್ವ ತೊಗರಿ ಬೇಳೆ ಹಸನು ಮಾಡುತ್ತಾ ಕೂತಿದ್ದಳು. ಮೊರದ ಸದ್ದು ನಿಂತದ್ದು ನನ್ನ ಗಮನಕ್ಕೆ ಬರಲಿಲ್ಲ.

ಡ್ರೈವರ್ ಬದಲಾದರೂ ಸಾಫ್ಟ್‌ವೇರ್ ಮುಗ್ಗರಿಸುತ್ತಲೇ ಇತ್ತು. ಅಳಿಯ ಇನ್ನೊಂದು ಉಪಾಯ ಹೇಳಿದ. ತೆರೆಯುವಾಗ ಕೀಬೋರ್ಡಿನ ಆಲ್ಟ್ ಕೀಲಿ ಒತ್ತಿ ಹಿಡಿಯಬೇಕಂತೆ. ಆಗ ನಾವು ಮಾಡಿಟ್ಟುಕೊಂಡ ಸೆಟ್ಟಿಂಗ್‌ಗಳೆಲ್ಲ ಅಳಿಸಿ, ಸಾಫ್ಟ್‌ವೇರ್ ಹೊಸ ಸೊಸೆಯ ಹಾಗೆ ಏನೂ ಗೊತ್ತಿಲ್ಲದ್ದಾಗಿ ಏಳುತ್ತದಂತೆ. ಒತ್ತಿ ಹಿಡಿದೆ. ಎದ್ದಿತು! ನಾನು ಹೆಂಡತಿಯನ್ನು ಕೂಗಿ ಕರೆದೆ. ಅವಳು ಬರುವಷ್ಟರಲ್ಲಿ ಪರದೆಯ ತುಂಬ ಕೆಂಪು. 'ಮೀಡಿಯಾ ಆಫ್‌ಲೈನ್.' ನಿನ್ನೆಯವರೆಗೆ 'ಇ' ಅನ್ನೋ ಹೆಸರಿದ್ದ ಹೊರಗಿನ ಹಾರ್ಡ್‌ಡಿಸ್ಕ್ ಈಗ 'ಎಫ್' ಆಗಿತ್ತು. ನಮ್ಮೂರು ಗುಲಬರ್ಗಾ ಹೋಗಿ ಕಲಬುರಗಿ ಆಗಿದ್ದು 2014ರಲ್ಲಿ. ಇವತ್ತಿಗೂ ಕೆಲವು ಪಾರ್ಸೆಲ್‌ಗಳು ಹಳೆ ಹೆಸರಲ್ಲೇ ಬಂದು ಮುಟ್ಟುತ್ತವೆ. ಕಂಪ್ಯೂಟರಿಗೆ ಅಷ್ಟು ದಾಕ್ಷಿಣ್ಯ ಇಲ್ಲ. ಒಂದು ಫೈಲಿನ ಹೊಸ ವಿಳಾಸ ತೋರಿಸಿದೆ, ಅದೇ ಫೋಲ್ಡರಿನ ಉಳಿದವು ತಾವೇ ಬಂದು ಕೂತವು.

ಒಂದು ಬಿಟ್ಟು. ಅತ್ತಿಯ ಶುಭಾಶಯದ ವಿಡಿಯೋದಲ್ಲಿ ಧ್ವನಿ ಇತ್ತು, ಅತ್ತಿ ಇರಲಿಲ್ಲ. ಬರೀ ಕಪ್ಪು. ಈಗಿನ ಮೊಬೈಲ್‌ಗಳು ಜಾಗ ಉಳಿಸೋಕೆ ವಿಡಿಯೋವನ್ನು ಎಚ್.265 ಅನ್ನೋ ರೀತಿಯಲ್ಲಿ ಮಡಿಚಿಡುತ್ತವೆ. 2013ರಲ್ಲಿ ಬಂದದ್ದು. ಹಳೆಯ ಎಚ್.264ಕ್ಕಿಂತ ಸುಮಾರು ಅರ್ಧ ಜಾಗ ಸಾಕು. ಆದರೆ ಮಡಿಚಿದ್ದನ್ನು ಬಿಚ್ಚೋ ಕಲೆ ಕಂಪ್ಯೂಟರಿಗೂ ಗೊತ್ತಿರಬೇಕಲ್ಲ. ಅಪ್‌ಡೇಟ್‌ನ ಗಡಿಬಿಡಿಯಲ್ಲಿ ನನ್ನದು ಅದನ್ನು ಮರೆತಿತ್ತು. ಆ ಬಿಚ್ಚೋ ತುಂಡನ್ನು ಬೇರೆಯಾಗಿ ಹಾಕಿದ ಮೇಲೆ ಅತ್ತಿ ಕಾಣಿಸಿಕೊಂಡಳು. ಈಗ ತುಟಿಗೂ ಮಾತಿಗೂ ತಾಳಮೇಳ ಇಲ್ಲ. ಅತ್ತಿ ಬಾಯಿ ಮುಚ್ಚಿದ ಮೇಲೂ ಮಾತು ಬರುತ್ತಲೇ ಇತ್ತು.

ಹೆಂಡತಿ ನೋಡಿ, "ಇದರಾಗ ಏನ್ ತಪ್ಪದ ರೀ? ನಿಮ್ಮ ಅತ್ತಿ ಇರೂದೇ ಹಂಗ" ಅಂದಳು.

ಮತ್ತೆ ಪುಣೆಗೆ ಫೋನು. ಟಿವಿಯಲ್ಲಿ ಸೆಕೆಂಡಿಗೆ 25 ಚಿತ್ರ ಅಂದರೆ 25. ಮೊಬೈಲ್ ಹಾಗಲ್ಲ. ಬೆಳಕು ಕಡಿಮೆಯಾದರೆ ಚಿತ್ರಗಳನ್ನು ಕಡಿಮೆ ಮಾಡುತ್ತದೆ, ಜಾಸ್ತಿಯಾದರೆ ಜಾಸ್ತಿ ಮಾಡುತ್ತದೆ. ಅತ್ತಿ ಮಾತು ಶುರು ಮಾಡಿದ್ದು ಅಂಗಳದಲ್ಲಿ, ಮುಗಿಸಿದ್ದು ದೇವರ ಕೋಣೆಯಲ್ಲಿ. ಎಡಿಟಿಂಗ್ ಸಾಫ್ಟ್‌ವೇರ್ ಈ ಏರಿಳಿತ ಲೆಕ್ಕ ಇಡದೆ ಎಡವಿತ್ತು. ವಿಡಿಯೋವನ್ನು ಒಂದೇ ವೇಗಕ್ಕೆ ತರಬೇಕು. ಅದಕ್ಕೆ ಹ್ಯಾಂಡ್‌ಬ್ರೇಕ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಇದೆ.

"ಏನಂದಿ? ಹ್ಯಾಂಡ್‌ಬ್ರೇಕ್ ಹಾಕಿದ್ರ ಸಾಕೇನು? ಅಯ್ಯ, ನಿನ್ನಿನೇ ಹ್ಯಾಂಡ್‌ಬ್ರೇಕ್ ಹಾಕಿದ್ರ ಇಷ್ಟೆಲ್ಲ ಆಗ್ತಿದ್ದಿಲ್ಲ ಹಂಗಾದ್ರ!"

ಅರ್ಧ ಗಂಟೆಯಲ್ಲಿ ತಂಗಿ ಆಟೋ ಇಳಿದು ಅಳುತ್ತಾ ಓಡಿಬಂದಳು. ಹಿಂದೆ ಭಾವ. ಅವ್ವ ಅವಳಿಗೆ ಫೋನ್ ಮಾಡಿ ಹೇಳಿದ್ದಿಷ್ಟು: ನಿಮ್ಮಣ್ಣ ಯಾರಿಗೂ ಹೇಳದೆ ಗಾಡಿ ತೊಗೊಂಡಾನ, ಅದು ಹೊಡದದ, ಹ್ಯಾಂಡ್‌ಬ್ರೇಕ್ ಹಾಕಿದ್ದಿಲ್ಲಂತ, ಡ್ರೈವರ್‌ನ ಈಗಾಗ್ಲೇ ತೆಗೆದು ಹಾಕ್ಯಾನ. ನನ್ನನ್ನು ಮೇಲಿಂದ ಕೆಳಗೆ ಮುಟ್ಟಿ ನೋಡಿ ತಂಗಿಗೆ ಸಮಾಧಾನ ಆಯಿತು. ಅವ್ವನಿಗೆ ಏನು ಹೇಳೋದು? ನಿಜ ಹೇಳುವಂತಿಲ್ಲ. ಭಾವ ಪಡಸಾಲೆಗೆ ಹೋಗಿ ಗಂಭೀರವಾಗಿ, "ಸಣ್ಣದು ಅತ್ತಿ, ರಿಪೇರಿ ಆಗ್ಲಾಕತ್ತದ" ಅಂದು ಬಂದರು. ಇಲ್ಲದ ಗಾಡಿ ಇದೆ ಅಂತ ಮನೆಯವರೆಲ್ಲ ಸೇರಿ ಒಪ್ಪಿಕೊಂಡ ಹಾಗಾಯಿತು.

ಬಂದವಳು ಸುಮ್ನೆ ಹೋಗಲಿಲ್ಲ. ವಿಡಿಯೋ ನೋಡಿ, "ಹುಟ್ಟುಹಬ್ಬದ ಶುಭಾಶಯ ಅಂತ ಹಾಕಬ್ಯಾಡಣ್ಣ, ಬ್ಯಾನರ್ ಇದ್ದಂಗ ಕಾಣ್ತದ. 'ನಮ್ಮ ಅವ್ವನಿಗೆ ಎಂಬತ್ತು' ಅಂತ ಹಾಕು" ಅಂದಳು. ಒಳ್ಳೆ ಮಾತು. ಟೈಪ್ ಮಾಡಿದೆ. ಪರದೆಯ ಮೇಲೆ ಬಂದದ್ದು ಇದು:

ನಮ್‌ಮ ಅವ್‌ವನಿಗೆ ಎಂಬತ್‌ತು.

ಒತ್ತಕ್ಷರಗಳೆಲ್ಲ ಮೇಲೆದ್ದು ಸಾಲಿನಲ್ಲಿ ನಿಂತಿದ್ದವು. ಮಗ್ಗುಲಿಗೆ ಮಲಗಿದ್ದ ಕೂಸನ್ನು ಯಾರೋ ಎಬ್ಬಿಸಿ ಕೂರಿಸಿದ ಹಾಗೆ. ಅಳಿಸಿ ಬರೆದೆ. ಫಾಂಟ್ ಬದಲಿಸಿದೆ. ಅದೇ. ಅಪ್‌ಡೇಟ್‌ಗೆ ಕನ್ನಡದ ಮೇಲೆ ಏನು ಸಿಟ್ಟು ಅಂತ ಅರ್ಧ ಗಂಟೆ ಬೈದೆ. ಆಮೇಲೆ ಗೊತ್ತಾಯಿತು, ತಪ್ಪು ನನ್ನದೇ. ಇಂಗ್ಲಿಷ್ ಅಕ್ಷರಗಳು ಒಂದರ ಪಕ್ಕ ಒಂದು ನಿಂತರೆ ಮುಗೀತು. ಕನ್ನಡದ ಅಕ್ಷರಗಳು ಒಂದರ ಕಾಲಡಿ ಒಂದು ಕೂರಬೇಕು. ಹಾಗೆ ಕೂರಿಸೋ ವಿದ್ಯೆ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಬೇರೆ ಇರುತ್ತದೆ. ಸೆಟ್ಟಿಂಗ್‌ನ ಮೂಲೆಯಲ್ಲಿ ಯುರೋಪಿನ ಲಿಪಿ ಅಂತ ಒಂದು, ದಕ್ಷಿಣ ಏಷ್ಯಾದ ಲಿಪಿ ಅಂತ ಒಂದು ಆಯ್ಕೆ. ಎರಡು ವರ್ಷದ ಹಿಂದೆ ಯಾವಾಗಲೋ ನಾನೇ ಅದನ್ನು ಸರಿ ಮಾಡಿ ಮರೆತಿದ್ದೆ. ಆಲ್ಟ್ ಕೀಲಿ ಒತ್ತಿ ಹಿಡಿದಾಗ ಅದೂ ಅಳಿಸಿಹೋಗಿತ್ತು.

ಇದನ್ನು ಕಂಡುಹಿಡಿದಾಗ 16ನೇ ತಾರೀಖು ರಾತ್ರಿ ಎರಡು ಗಂಟೆ. ಅಷ್ಟರಲ್ಲಿ ಇರಲಿ ಅಂತ ಒತ್ತು ಎದ್ದು ನಿಂತಿದ್ದ ವಿಡಿಯೋವನ್ನೇ ಒಂದು ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೆ. ದಕ್ಷಿಣ ಏಷ್ಯಾ ಆರಿಸಿ, ಹೆಸರನ್ನು ಹೊಸದಾಗಿ ಬರೆದೆ. ಅಕ್ಷರಗಳು ಕಾಲು ಮಡಿಚಿ ಕೂತವು. ಸರಿಯಾದದ್ದನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಹಾಕಿದೆ. ಎರಡೂ ಒಂದೇ ಅಂಗಡಿಯವು, ಒಂದೇ ಕರಿ ಬಣ್ಣದವು. ಮುಂದೆ ಏನಾಯಿತು ಅಂತ ನಿಮಗೆ ಗೊತ್ತಾಗಿರಬೇಕು.

ಮರುದಿನ ಶಾಮಿಯಾನದಡಿ ನಲವತ್ತು ಜನ. ಟಿವಿ ಹಚ್ಚಿದೆವು. ಅವ್ವನ ಮದುವೆಯ ಫೋಟೋದ ಮೇಲೆ ಅರ್ಧ ಅಡಿ ಎತ್ತರದ ಅಕ್ಷರಗಳು ಬಂದವು: ನಮ್‌ಮ ಅವ್‌ವನಿಗೆ ಎಂಬತ್‌ತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಶಹಾಬಾದ್ ಕಲ್ಲು ಅಷ್ಟು ಸುಲಭಕ್ಕೆ ಬಾಯಿ ಬಿಡೋದಿಲ್ಲ. ತಂಗಿ ಹೋಳಿಗೆ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಾ ನಿಂತಳು.

ಮುಂದಿನ ಸಾಲಿನಲ್ಲಿ ದೊಡ್ಡ ಮಾಮಾ ಕೂತಿದ್ದರು, ಅವ್ವನ ಅಣ್ಣ. ಎಂಬತ್ತೆಂಟು ವರ್ಷ. ನಿಜಾಮರ ಕಾಲದಲ್ಲಿ ನಾಲ್ಕನೇ ಇಯತ್ತೆಯವರೆಗೆ ಉರ್ದುವಿನಲ್ಲಿ ಕಲಿತವರು. ಪೊಲೀಸ್ ಆಕ್ಷನ್ ಆಗಿ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಹನ್ನೊಂದನೇ ವರ್ಷಕ್ಕೆ ಕನ್ನಡದ 'ಅ'ದಿಂದ ಶುರು ಮಾಡಿದವರು. ಅವರು ಕನ್ನಡಕ ಮೇಲೇರಿಸಿ, ಬೆರಳನ್ನು ಗಾಳಿಯಲ್ಲಿ ಒಂದೊಂದೇ ಅಕ್ಷರಕ್ಕೆ ಇಡುತ್ತಾ ಜೋರಾಗಿ ಓದಿದರು.

"ನ... ಮ್... ಮ. ನಮ್ಮ. ಅ... ವ್... ವ... ನಿ... ಗೆ. ಎಂ... ಬ... ತ್... ತು. ಎಂಬತ್ತು!"

ಆಮೇಲೆ ನನ್ನ ಕಡೆ ತಿರುಗಿದರು. "ಏ ಅಳಿಯಾ, ಯಾವ ಮಷೀನಿನಾಗ ಬರೆದಿಪಾ ಇದನ್ನ? ಎಷ್ಟು ಚಂದ ಬಿಡಿಸಿ ಬಿಡಿಸಿ ಬರೆದಿ. ಆ ಒತ್ತು ಕೆಳಗ ಬಂದ್ರ ಅದನ್ನ ಹುಡುಕ್ಲಾಕ ಇಳಿದೂದ್ರಾಗ ನನಗ ಸಾಲೇ ತಪ್ತದ. ಲಗ್ನಪತ್ರಿಕಿನೂ ಹಿಂಗೇ ಮಾಡ್ಸು, ನಿನ್ನ ಮಗಳದು."

ಜನ ಚಪ್ಪಾಳೆ ತಟ್ಟಿದರು. ನನಗೋ ತಟ್ಟಿದ್ದು, ಮಾಮಾನ ಓದಿಗೋ, ಗೊತ್ತಾಗಲಿಲ್ಲ. ಅತ್ತಿಯ ತುಟಿಗೂ ಮಾತಿಗೂ ತಾಳ ಸರಿಯಾಗಿತ್ತು. ಅದನ್ನು ಯಾರೂ ಹೊಗಳಲಿಲ್ಲ.

ಅವ್ವ ಹದಿನೈದು ನಿಮಿಷವೂ ಬಾಯಿಗೆ ಸೆರಗು ಹಿಡಿದು ನೋಡಿದಳು. ಅಪ್ಪನ ಫೋಟೋ ಬಂದಾಗ ಕಣ್ಣು ಒರೆಸಿಕೊಂಡಳು. ಮುಗಿದ ಮೇಲೆ ಕೈ ಮಾಡಿ ನನ್ನನ್ನು ಹತ್ತಿರ ಕರೆದಳು. ನಾನು ಕಾಲಿನ ಹತ್ತಿರ ಕೂತೆ. ತಲೆ ಸವರಿ, ಯಾರಿಗೂ ಕೇಳದ ಹಾಗೆ ಸಣ್ಣ ದನಿಯಲ್ಲಿ ಕೇಳಿದಳು:

"ಅದೆಲ್ಲ ಚಂದ ಅದ, ತಮ್ಮಾ. ಆ ಡ್ರೈವರ್‌ಗ ಪಗಾರ ಕೊಟ್ಟು ಕಳಿಸಿದಿ ಹೌದಿಲ್ಲೋ? ಹೆಂಡ್ರು ಮಕ್ಕಳಿದ್ದಾಂವ."